ಒಡಪಿನಲ್ಲಿ ಬಂದ ಹೆಸರು

ರಾಯಚೂರು,
ಜನವರಿ ೧೮, ೧೯೮೩

ಪ್ರೀತಿಯ ತಮ್ಮ ವಿರೂಪಣ್ಣನಿಗೆ ಅಕ್ಕನ ಆಶೀರ್ವಾದ.

ನಿನ್ನ ಹೊಟ್ಟೆನೋವು ಈಗ ಹೇಗಿದೆ? ಮಾನ್ವಿಯ ಖಾನಾವಳಿಯ ಖಾರ ನಿನಗೆ ಆಗುವುದಿಲ್ಲವೆಂದು ಗೊತ್ತಿದ್ದೂ ತಿನ್ನುತ್ತೀ. ಮಜ್ಜಿಗೆ ಕುಡಿ, ಮಿರ್ಚಿ ಬಿಡು. ನನ್ನ ಎಂದಿನ ಪ್ರಾಸ ಕೂಡದಿದ್ದರೂ ಹೊಟ್ಟೆಗೆ ಕೂಡುತ್ತದೆ. ನಾನು ಆರೋಗ್ಯವಾಗಿದ್ದೇನೆ. ಶಾಲೆಯ ಮೆಟ್ಟಿಲು ಹತ್ತುವಾಗ ಮೊಣಕಾಲು ಮಾತ್ರ ನನಗಿಂತ ಮೊದಲೇ ನಿವೃತ್ತಿ ಕೇಳುತ್ತದೆ.

ಹತ್ತಿ ಗಿರಣಿಯ ಹಿಂದೆ ನಮ್ಮ ಮಹಿಳಾ ಮಂಡಳದವರು ಶಿಶುವಿಹಾರ ನಡೆಸುತ್ತಿರುವುದು ನಿನಗೆ ಗೊತ್ತು. ಗಿರಣಿಗೆ ಹೋಗುವ ಹೆಣ್ಣುಮಕ್ಕಳು ಕೂಸುಗಳನ್ನು ಅಲ್ಲಿ ಬಿಟ್ಟು ಹೋಗುತ್ತಾರೆ. ಗಂಡ ಬಿಟ್ಟವರ ಮಕ್ಕಳಿಗೆ ಊಟ, ಆರೈಕೆ ಎಲ್ಲ ಪುಕ್ಕಟೆ. ಆದರೆ ಒಂದು ಷರತ್ತು: ತಾಯಿಯಾದವಳು ಮಂಡಳದ ಮುಂದೆ ಗಂಡನ ಹೆಸರು, ಅವನಿರುವ ಠಿಕಾಣಿ ಹೇಳಬೇಕು, ಕೋರ್ಟಿನಲ್ಲಿ ಜೀವನಾಂಶ ಕೇಳಲು ಒಪ್ಪಬೇಕು. ಷರತ್ತು ಹಾಕಿಸಿದವಳು ನಾನೇ. “ಹಡೆದವಳಿಗೆ ಹೊರೆ, ಹುಟ್ಟಿಸಿದವನಿಗೆ ಮರೆ, ಇದು ಸಾಕಿನ್ನು” ಎಂದು ಹೋದ ದೀಪಾವಳಿಯ ಸಭೆಯಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಆ ಚಪ್ಪಾಳೆ ಈಗ ಕೆನ್ನೆಯ ಮೇಲೆ ಬಿದ್ದಂತಿದೆ.

ಹೋದ ಶುಕ್ರವಾರ ಗಿರಣಿಗೆ ಹೊಸದಾಗಿ ಸೇರಿದ ಹೆಣ್ಣುಮಗಳೊಬ್ಬಳು ಮೂರು ವರ್ಷದ ಮಗಳನ್ನು ಎತ್ತಿಕೊಂಡು ಮಂಡಳದ ಸಭೆಯಲ್ಲಿ ನಮ್ಮೆದುರು ನಿಂತಳು. ತಲೆಯೆತ್ತಿ ನೋಡಿದರೆ ಸೂಗಮ್ಮ, ಎರಡು ವರ್ಷದ ಹಿಂದೆ ನೀನು ದೇವದುರ್ಗದಲ್ಲಿ ಬಿಟ್ಟು ಬಂದ ನಿನ್ನ ಹೆಂಡತಿ. ಅವಳೂ ನನ್ನನ್ನು ನೋಡಿದಳು. ಅಕ್ಕಾ ಎನ್ನಲಿಲ್ಲ. ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಮಾಡಿದ ಹಾಗೆ ನನಗೂ ಕೈಮುಗಿದಳು. ನಾನೂ ಗುರುತಿಲ್ಲದವಳ ಹಾಗೆ ಕೈಮುಗಿದೆ. ಗಂಡನ ಹೆಸರು ಕೇಳಿದರೆ ಬಾಯಿ ಬಿಡಲಿಲ್ಲ. ಗಂಡನ ಹೆಸರನ್ನು ನಮ್ಮ ಕಡೆ ಹೆಣ್ಣುಮಕ್ಕಳು ಬರಿಬಾಯಲ್ಲಿ ಹೇಳುವುದಿಲ್ಲವೆಂಬುದು ಷರತ್ತು ಹಾಕುವಾಗ ಈ ಪದವೀಧರೆಗೆ ಹೊಳೆದಿರಲಿಲ್ಲ. ಅಧ್ಯಕ್ಷೆ ಮುನವ್ವರ್ ಬೀ ಅವರೇ ದಾರಿ ತೋರಿಸಿದರು: “ಹಂಗ ಹೇಳಾಕ ನಾಚಿಕಿ ಬಂದ್ರ ಪ್ರಾಸದಾಗ ಹೆಸರು ಕೂಡಿಸಿ ಒಡಪು ಹಾಕಿ ಹೇಳು ತಂಗಿ, ಮದಿವ್ಯಾಗ ಹೇಳಿರ್ತೀಯಲ್ಲ.”

ಸೂಗಮ್ಮ ಗೋಡೆ ನೋಡುತ್ತ ಹೇಳಿದಳು:

“ತವರಿನ ಸೀರಿ ಹರದೀತು, ಮಾಸೀತು ಬಣ್ಣ,
ಕಡೀತನಕ ಕೈ ಬಿಡೋರಲ್ಲ ನಮ್ಮ ವಿರೂಪಣ್ಣ.”

ನೆನಪಿದೆಯೇನು? ನಿಮ್ಮ ಮದುವೆಯ ದಿನ ಜಾಲಹಳ್ಳಿಯ ನಮ್ಮ ಮನೆಯ ಹೊಸ್ತಿಲಲ್ಲಿ ಅವಳನ್ನು ತಡೆದು, ಗಂಡನ ಹೆಸರು ಹೇಳಿ ಒಳಗೆ ಬಾ ಎಂದು ಎಲ್ಲರೂ ಕಾಡಿದಾಗ, ಅವಳ ಕಿವಿಯಲ್ಲಿ ನಾನು ಉಸುರಿದ ಒಡಪು ಅದು. ಪ್ರಾಸ ಕೂಡಿತೆಂಬ ಖುಷಿಯಲ್ಲಿ ನಿನ್ನ ಪರವಾಗಿ ಜಾಮೀನು ನಿಂತುಬಿಟ್ಟಿದ್ದೆ. ಈಗ ಸಭೆಯಲ್ಲಿ ಯಾರೋ ನಕ್ಕರು. ಮುನವ್ವರ್ ಬೀ ನನ್ನ ಕಡೆ ತಿರುಗಿ, “ಗೋಪಮ್ಮಾರ, ಇದು ನಿಮ್ಮ ಪ್ರಾಸ ಇದ್ದಂಗ ಅದಲ್ರೀ” ಎಂದರು. ನಾನೂ ನಕ್ಕೆ, ವಿರೂಪಣ್ಣ. ಎಲ್ಲರ ಜೊತೆ ಹಲ್ಲು ಕಿರಿದು ಕೂತೆ. ಠಿಕಾಣಿ ಕೇಳಿದಾಗ ಅವಳು, “ಎಲ್ಲಿ ಅದಾರೋ ನನಗೇನು ಗೊತ್ರಿ. ಗೊತ್ತಿದ್ದೋರು ಹೇಳಬೇಕು” ಎಂದಳು. ಆಗಲೂ ನನ್ನ ಕಡೆ ನೋಡಲಿಲ್ಲ. ತಿಂಗಳು ತಿಂಗಳು ನಿನಗೆ ಪತ್ರ ಹಾಕುವ ನಾನು ಸುಮ್ಮನಿದ್ದೆ. ಠಿಕಾಣಿ ಇಲ್ಲದ ಮೇಲೆ ಷರತ್ತಿನ ಪ್ರಕಾರ ಕೂಸಿಗೆ ಜಾಗವಿಲ್ಲವೆಂದಾಯಿತು.

ಮರುದಿನ ಶಾಲೆ ಬಿಟ್ಟ ಮೇಲೆ ಗಿರಣಿಯ ಕಡೆ ಹೋದೆ. ಮಗು ಹತ್ತಿ ಚೀಲಗಳ ನೆರಳಲ್ಲಿ ಕೂತಿತ್ತು. ಯಂತ್ರದ ಕಡೆ ಓಡದಿರಲೆಂದು ಸೂಗಮ್ಮ ಹಳೆಯ ಸೀರೆಯ ತುಂಡಿನಿಂದ ಅದರ ಕಾಲನ್ನು ಕಂಬಕ್ಕೆ ಕಟ್ಟಿದ್ದಳು. ಕೂದಲ ತುಂಬ ಹತ್ತಿಯ ಎಳೆ. ಮೂಗು ನಿನ್ನದೇ. ಅದಕ್ಕೆ ಪ್ರಾಸ ಹುಡುಕಲು ನನ್ನಿಂದ ಆಗಲಿಲ್ಲ.

ಶಾಲೆಯ ಗಂಟೆ ಹೊಡೆಯಿತು, ನಿಲ್ಲಿಸುತ್ತೇನೆ. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ. ಮಿಕ್ಕಿದ್ದರೆ ನನಗೂ ಸ್ವಲ್ಪ ಕೊಡಲಿ.

ನಿನ್ನ ಅಕ್ಕ,
ಗೋಪಮ್ಮ

ತಾ.ಕ.: ನಿನ್ನೆಯ ಸಭೆಯಲ್ಲಿ ಎದ್ದು ನಿಂತು, ಅವನು ನನ್ನ ತಮ್ಮ ಎಂದು ಹೇಳಿ ನಿನ್ನ ಮಾನ್ವಿಯ ಠಿಕಾಣಿ ಕೊಟ್ಟೆ. ಕೋರ್ಟಿನ ನೋಟೀಸು ಬಂದರೆ ಮನೆ ಬದಲಿಸಬೇಡ; ಬದಲಿಸಿದರೆ ಹೊಸ ಠಿಕಾಣಿಯನ್ನೂ ಹುಡುಕಿ ಕೊಡುತ್ತೇನೆ. ಮಗುವನ್ನು ಇವತ್ತು ಬೆಳಿಗ್ಗೆ ಸೇರಿಸಿಕೊಂಡೆವು. ಅದು ನನ್ನನ್ನು ಟೀಚರ್ ಎಂದು ಕರೆಯಿತು. “ಟೀಚರ್ ಅಲ್ಲ, ಅತ್ತಿ ಅನ್ನು” ಎಂದು ಸೂಗಮ್ಮ ತಿದ್ದಲಿಲ್ಲ.