ಫ್ರಿಜ್ಜಿನೊಳಗಿನ ಕೊನೆಯ ರೀಲು

ವಿಂಡಮ್ ವೇಲ್, ಮೆಲ್ಬರ್ನ್
೧೨ ಆಗಸ್ಟ್ ೨೦೦೭

ಪ್ರೀತಿಯ ನಿಶ್ಮಿತಾ,

ಸಿಡ್ನಿಯಿಂದ ನೀನು ಕಳಿಸಿದ ಪತ್ರಿಕೆಯ ಪುಟ ತಲುಪಿತು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೀಯ. ಬಿಳಿ ಕೈಗವಸು, ಕೈಯಲ್ಲಿ ಫಿಲ್ಮಿನ ರೀಲು, ಕೆಳಗೆ ದಪ್ಪಕ್ಷರದಲ್ಲಿ ನಿನ್ನ ಹೆಸರು. ಕಪ್ಪುಜನರ ಸಿನಿಮಾ ಚರಿತ್ರೆಯನ್ನು ನೀನೊಬ್ಬಳೇ ಕಾಪಾಡಿದೆಯಂತೆ. ಓದಿ ನನಗೆ ಹೊಟ್ಟೆ ಉರಿಯಿತು. ಇದಕ್ಕಿಂತ ಮರ್ಯಾದೆಯ ಮಾತು ಹುಡುಕಿದೆ, ಸಿಗಲಿಲ್ಲ.

ಲೆನರ್ಡ್ ಅಂಕಲ್ ಅವರ ಗ್ಯಾರೇಜು ನೆನಪಿದೆಯಾ? ಅಮೆರಿಕದಿಂದ ಸ್ಯಾಕ್ಸೊಫೋನ್ ನುಡಿಸಲು ಬಂದು ಮೆಲ್ಬರ್ನಿನಲ್ಲೇ ಉಳಿದವರು, ತಮ್ಮ ಕಪ್ಪುಜನ ತಾವೇ ತೆಗೆದ ಹಳೆಯ ಸಿನಿಮಾಗಳ ಡಬ್ಬಿಗಳನ್ನು ಟೈರುಗಳ ಹಿಂದೆ ಜೋಪಾನವಾಗಿ ಇಟ್ಟುಕೊಂಡಿದ್ದರು. ಬೇರೆಯವರ ಸಿನಿಮಾದಲ್ಲಿ ನಾವು ಟ್ರೇ ಹಿಡಿಯುವವರು, ಇದರಲ್ಲಿ ನಾವೇ ಡಾಕ್ಟರು, ನಾವೇ ಮದುಮಗಳು ಎನ್ನುತ್ತಿದ್ದರು. ಸಾಯುವ ಮುಂಚೆ ಎಲ್ಲವನ್ನೂ ನಮ್ಮಿಬ್ಬರ ಕೈಗೆ ಕೊಟ್ಟರು. ಎರಡು ಚಳಿಗಾಲ ಜೊತೆಗೆ ಕೂತು ಒರೆಸಿದೆವು, ಹರಿದಲ್ಲಿ ಅಂಟಿಸಿದೆವು. ಆಮೇಲೆ ನಿನಗೆ ನಾರ್ತ್ ಸಿಡ್ನಿಯಲ್ಲಿ ಕೆಲಸವಾಯಿತು. ಅಲ್ಲಿ ಒಳ್ಳೆಯ ಲ್ಯಾಬ್ ಇದೆ ಎಂದು ಡಬ್ಬಿಗಳನ್ನೂ ಒಯ್ದೆ. ನನಗೆ ಉಳಿದದ್ದು ಮನೆ ಸಾಲದ ಕಂತು ಮತ್ತು ಆಫೀಸಿನ ಟ್ರೈನು.

ಅಂಕಲ್ ಕೊಟ್ಟ ಆ ಮದುವೆಯ ಸಿನಿಮಾದ ಕೊನೆಯ ರೀಲು ಕಾಣುತ್ತಿಲ್ಲ, ನಿನ್ನಲ್ಲೇನಾದರೂ ಉಳಿದಿದೆಯಾ ಎಂದು ನೀನು ಫೋನ್ ಮಾಡಿದಾಗಲೆಲ್ಲ ಇಲ್ಲ ಎಂದೆ. ಇತ್ತು. ನಮ್ಮ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ದೋಸೆ ಹಿಟ್ಟಿನ ಪಕ್ಕದಲ್ಲಿ. ತಂಪಿನಲ್ಲಿಟ್ಟರೆ ಫಿಲ್ಮ್ ಬಾಳುತ್ತದೆ ಎಂದು ಹೇಳಿಕೊಟ್ಟವಳು ನೀನೇ. ನೀನು ಅದನ್ನು ತೋರಿಸಲು ಹೊರಟಿರುವ ಸಿನಿಮಾ ಉತ್ಸವದಲ್ಲಿ ಜನ ಮುಕ್ಕಾಲು ನೋಡಿ ಎದ್ದುಹೋಗಲಿ, ಮುಂದೇನಾಯಿತು ಎಂದು ತಿಳಿಯಬೇಕಾದರೆ ಮೆಲ್ಬರ್ನಿಗೇ ಬರಲಿ ಎಂದುಕೊಂಡಿದ್ದೆ.

ಕೆಲವು ವಾರಗಳಿಂದ ಫ್ರಿಜ್ ತೆಗೆದರೆ ಹುಳಿ ವಾಸನೆ. ಹಿಟ್ಟು ಹುಳಿ ಬಂದೈತಿ, ಚೆಲ್ಲಿಬಿಡು ಅಂತ ನಮ್ಮ ಶಂಭುಲಿಂಗ ಸಾಹೇಬರು ದಿನಾ ಗೊಣಗಿದರು. ದೋಸೆ ಹಿಟ್ಟು ಹುಳಿ ಬರದೆ ಸಿಹಿಯಾಗುತ್ತದೆಯೇ ಎಂದು ಗಂಡನನ್ನೇ ದಬಾಯಿಸಿದೆ. ನಿನ್ನೆ ಕೊನೆಗೂ ಹಿಟ್ಟು ಚೆಲ್ಲಿ, ಪಾತ್ರೆ ತೊಳೆದು, ಅರೆಗಳನ್ನೆಲ್ಲ ಸೋಡಾ ಹಾಕಿ ಒರೆಸಿದೆ. ವಾಸನೆ ಹೋಗಲಿಲ್ಲ. ರೀಲಿನ ಡಬ್ಬಿಯ ಮುಚ್ಚಳ ತೆಗೆದೆ, ವಿನೆಗರ್ ವಾಸನೆ ಮುಖಕ್ಕೆ ಹೊಡೆಯಿತು. ಫಿಲ್ಮಿನ ಅಂಚು ಮುದುರಿತ್ತು. ಫಿಲ್ಮ್ ಕೆಡುವಾಗ ಇದೇ ವಾಸನೆ ಬರುತ್ತದೆಂದು ನನಗೂ ಗೊತ್ತಿತ್ತಲ್ಲವೇ? ಆದರೂ ಇಷ್ಟು ದಿನ ಹಿಟ್ಟನ್ನೇ ಬೈದೆ.

ನನ್ನ ಆಫೀಸಿನ ರೋಶನ್ ನಾಳೆ ಸಿಡ್ನಿಗೆ ಬರುತ್ತಾನೆ. ಡಬ್ಬಿಯನ್ನೂ ಈ ಕಾಗದವನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅದೇ ದಿನ ಲ್ಯಾಬಿಗೆ ಮುಟ್ಟಿಸು. ನನ್ನ ಮೇಲಿನ ಸಿಟ್ಟನ್ನು ಕಾಪಿ ಆದಮೇಲೆ ತೀರಿಸಿಕೋ. ಕ್ಷಮಿಸು ಎಂದು ಬರೆಯಲು ಹೋದಾಗಲೆಲ್ಲ ನಿನ್ನ ಆ ಫೋಟೋ ಕಣ್ಣಿಗೆ ಬೀಳುತ್ತದೆ. ಫ್ರಿಜ್ಜಿನ ಬಾಗಿಲಿಗೆ ನಾನೇ ಅಂಟಿಸಿದ್ದೇನೆ.

ಇನ್ನೂ ನಿನ್ನವಳೇ,
ಮಹಾಶ್ವೇತಾ

ಪುನಶ್ಚ: ರೀಲಿನ ಒಳಸುತ್ತುಗಳು ಅಂಟಿಕೊಂಡು ಗಟ್ಟಿಯಾಗಿವೆ. ಲ್ಯಾಬಿನವರೂ ಬಿಡಿಸಲಾರರು ಅನ್ನಿಸುತ್ತದೆ. ಸಿನಿಮಾದ ಕೊನೆಯಲ್ಲಿ ಮದುಮಗಳು ಬಾಗಿಲು ತೆರೆದಾಗ ಹೊರಗೆ ಯಾರು ನಿಂತಿದ್ದರು ಎಂಬುದು ಅಲ್ಲೇ ಇತ್ತು. ನೀನು ಉಡುಪಿಗೆ ಹೋಗಿದ್ದಾಗ ಅಂಕಲ್ ಒಮ್ಮೆ ಅದನ್ನು ಪ್ರೊಜೆಕ್ಟರಿನಲ್ಲಿ ಓಡಿಸಿ ನನಗೆ ಮಾತ್ರ ತೋರಿಸಿದ್ದರು. ಹಾಳುಮಾಡಿದೆನಲ್ಲ ಎಂದು ಅತ್ತದ್ದು ನಿಜ. ಆದರೆ ಅದೀಗ ನನಗೊಬ್ಬಳಿಗೇ ಗೊತ್ತು ಎಂದು ಹೊಳೆದಾಗ, ಅಳುತ್ತಲೇ ಖುಷಿಯಾಯಿತು ಕಣೇ. ಉತ್ಸವದ ದಿನ ಸಿನಿಮಾ ನಿಂತ ಮೇಲೆ ನನ್ನನ್ನು ವೇದಿಕೆಗೆ ಕರೆ. ಉಳಿದದ್ದನ್ನು ನಾನು ಹೇಳುತ್ತೇನೆ.