ಹುದ್‌ಹುದ್ ಕೇಳುವ ಹತ್ತನೇ ಪ್ರಶ್ನೆ

ಗಿರ್ಗಾ
ಬುಧವಾರ, 7 ಫೆಬ್ರವರಿ 2024

ಪ್ರೀತಿಯ ರಿಫತ್,

ಹೇಗಿದ್ದೀಯ ಮಗನೇ? ಕೆಮ್ಮು ಬಿಟ್ಟಿತೇ? ಕಡಲ ಗಾಳಿ ನಿನ್ನ ಎದೆಗೆ ಆಗಿಬರುವುದಿಲ್ಲ ಎಂದು ನಿನ್ನಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಊರಿಗೆಲ್ಲ ಔಷಧಿ ಕೊಟ್ಟವನು ನೀನು, ನಿನಗೆ ಬಿಸಿನೀರು ಕುಡಿ ಎಂದು ಹೇಳಿಕೊಡಬೇಕೇ ಎಂದು ನಾನು ಗದರುತ್ತೇನೆ, ಅವಳು ಅಳುತ್ತಾಳೆ. ಪಕ್ಕದ ಮನೆಯ ಶಫೀಕಾ ಎಂದಿನಂತೆ ಮಗಳನ್ನು ನೋಡಲು ಪೋರ್ಟ್ ಸಯೀದಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಬಿಸಿಲಿಗಿಟ್ಟು ಉಬ್ಬಿಸಿದ ನಮ್ಮ ರೊಟ್ಟಿ ಹನ್ನೆರಡು, ಒಣಗಿಸಿದ ಬೆಂಡೆಕಾಯಿ, ಒಂದು ಡಬ್ಬಿ ಹಳೆ ಚೀಸು ಕಳಿಸಿದ್ದೇನೆ. ಬಲೆ ಅಂಗಡಿಯ ಯಜಮಾನರಿಗೂ ಎರಡು ರೊಟ್ಟಿ ಕೊಡು. ಹೆಸರು ಕೇಳದೆ ಕೆಲಸ ಕೊಟ್ಟ ಪುಣ್ಯಾತ್ಮ.

ಇಲ್ಲಿ ಎಲ್ಲರೂ ಇದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ. ಈಗಲೂ ಕಾಫಿ ಅಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾನೆ, ಬಾಗಿಲಿಗೆ ಬೆನ್ನು ಹಾಕುವುದಿಲ್ಲ. ನಿನ್ನ ಔಷಧಿ ಅಂಗಡಿಯ ಬಾಗಿಲಿನ ಬೀಗ ತುಕ್ಕು ಹಿಡಿದಿತ್ತು, ಎಣ್ಣೆ ಹಾಕಿಸಿದೆ. ನಿಮ್ಮ ಚಿಕ್ಕಪ್ಪನ ಮಗ ಫೌಲಿಗೆ ಜೈಲಿನಲ್ಲಿ ಮೈ ಬಂದಿದೆಯಂತೆ. ಚಿಕ್ಕಪ್ಪ ನೋಡಿ ಬಂದು ಸಂತೋಷದಿಂದ ಹೇಳುತ್ತಿದ್ದ, ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಪಂಪಿನ ನೀರಿನ ಪಾಳಿಗಾಗಿ ಹರ್ಬಿಯ ಎದೆಗೆ ಗುಂಡು ಹೊಡೆದವನು ಅವನು, ಊರು ಬಿಟ್ಟವನು ನೀನು. ಹರ್ಬಿಯ ತಾಯಿ ಅಂದು ನಮ್ಮ ಬಾಗಿಲಿಗೇ ಬಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಜೈಲಲ್ಲಿರೋ ಆ ಕತ್ತೇನ ತಗೊಂಡು ನಾವೇನ್ ಮಾಡಾಣ? ನಿಮ್ಮನೇಲಿ ಚಿನ್ನದಂಥೋನು ಒಬ್ಬ ಓದಿದೋನು ಇದಾನಲ್ಲ, ನನ್ ಮಗನ ತೂಕಕ್ಕೆ ಅವನೇ ಸರಿ." ಎರಡು ವರ್ಷವಾಯಿತು. ಆ ಮನೆಯವರು ಇನ್ನೂ ಯಾರಿಂದಲೂ ಸಂತಾಪ ಸ್ವೀಕರಿಸಿಲ್ಲ, ಒಂದು ಕುರ್ಚಿ ಹಾಕಿಲ್ಲ, ಕುರಾನ್ ಓದಿಸಿಲ್ಲ. ಲೆಕ್ಕ ತೀರುವವರೆಗೆ ಅವರ ಪಾಲಿಗೆ ಹರ್ಬಿ ಸತ್ತೇ ಇಲ್ಲ.

ಇದೆಲ್ಲ ನಿನಗೆ ಗೊತ್ತಿದ್ದದ್ದೇ. ಗೊತ್ತಿದ್ದದ್ದನ್ನೇ ಮತ್ತೆ ಹೇಳುವುದು ಮೂವತ್ತೊಂದು ವರ್ಷ ಪಾಠ ಮಾಡಿದವಳ ಚಾಳಿ. ಈಗ ಗೊತ್ತಿಲ್ಲದ್ದು ಹೇಳುತ್ತೇನೆ, ನಗಬೇಡ. ನೀನು ದಿನಾ ಮಧ್ಯಾಹ್ನ ನಾಲ್ಕು ಗಂಟೆಗೆ ಅಂಗಡಿಯ ಫೋನಿನಲ್ಲಿ ಆಡುವ ಆ ಸಾಮಾನ್ಯ ಜ್ಞಾನದ ಪಂದ್ಯವಿದೆಯಲ್ಲ, ಹತ್ತು ಪ್ರಶ್ನೆಗಳದ್ದು, ಅದರಲ್ಲಿ 'ಸೀಮೆಸುಣ್ಣ' ಎಂಬ ಹೆಸರಿನಲ್ಲಿ ಯಾವಾಗಲೂ ಆರೋ ಏಳೋ ಅಂಕ ಪಡೆಯುವ ಮುದುಕಿ ನಾನೇ. ಪಿಂಚಣಿ ತಗೊಂಡು ಸುಮ್ಮನೆ ಕೂರಲಾಗದೆ ಮೂರು ತಿಂಗಳ ಹಿಂದೆ ಸೇರಿದೆ. ಎರಡನೇ ದಿನವೇ 'ಮೊಸಳೆ' ಎಂಬವನು ಪ್ರಶ್ನೆ ಹಾಕಿದವನನ್ನು ಹಿಡಿದು "ಪ್ರಶ್ನೆಯೇ ತಪ್ಪು" ಎಂದು ಬರೆದದ್ದನ್ನು ನೋಡಿದೆ. ನನ್ನ ಕೈಯಲ್ಲಿದ್ದ ಚಹಾ ಮಡಿಲಿನ ಮೇಲೆ ಚೆಲ್ಲಿತು. ನಾಲ್ಕನೇ ತರಗತಿಯ ಮುಂದಿನ ಬೆಂಚಿನಿಂದ ಎದ್ದು ನಿಂತು ನೀನು ನನಗೇ ಹೇಳುತ್ತಿದ್ದ ಮಾತು ಅದು. ಹೆಸರು ಬದಲಿಸಿದೆ, ಊರು ಬದಲಿಸಿದೆ, ಗಡ್ಡವನ್ನೂ ಬಿಟ್ಟಿದ್ದೀಯಂತೆ. ಹುಟ್ಟುಗುಣ ಸುಟ್ಟರೂ ಹೋಗದು. ನಿನ್ನ ಗುಟ್ಟು ಕೆಡುವುದೆಂದು ನಾನು ಯಾರೆಂದು ಹೇಳಲಿಲ್ಲ. ದಿನಾ ನಾಲ್ಕು ಗಂಟೆಗೆ ನೀನು ಬದುಕಿದ್ದೀಯ ಎಂದು ನೋಡಿ, ನಿನ್ನಿಂದ ಬೈಸಿಕೊಂಡು, ನೆಮ್ಮದಿಯಾಗಿ ಅಡುಗೆಗೆ ಏಳುತ್ತಿದ್ದೆ. ನೈಜರ್ ದೇಶದ ರಾಜಧಾನಿಯನ್ನು ನಾನು ತಪ್ಪು ಬರೆದ ದಿನ ನೀನು "ಅಜ್ಜೀ, ಇಷ್ಟೂ ಗೊತ್ತಿಲ್ವಾ? ಯಾವ ಟೀಚರ್ ಹತ್ರ ಕಲಿತ್ರಿ?" ಎಂದು ಕೆಣಕಿದೆ. ನಿನಗೆ ಅದನ್ನು ಬಾಯಿಪಾಠ ಮಾಡಿಸಿದವಳೇ ನಾನು ಎಂದುಕೊಂಡು ಒಬ್ಬಳೇ ನಕ್ಕೆ.

ಆಗ ನನಗೆ ಹೊಳೆಯಬೇಕಿತ್ತು ರಿಫತ್. ನಾನು ಗುರುತಿಸಿದೆನೆಂದರೆ, ಆ ತರಗತಿಯಲ್ಲಿ ಕೂತಿದ್ದ ಯಾರು ಬೇಕಾದರೂ ಗುರುತಿಸಬಹುದು.

ಹುದ್‌ಹುದ್ ಬಂದದ್ದು ಹೋದ ತಿಂಗಳು. ಸುಲೈಮಾನ್ ದೊರೆಗೆ ದೂರದ ಸುದ್ದಿ ತಂದ ಹಕ್ಕಿಯ ಹೆಸರು ಇಟ್ಟುಕೊಂಡಿದ್ದಾನೆ, ಜಾಣ ಎಂದುಕೊಂಡೆ. ಗೆದ್ದವನು ಮರುದಿನದ ಹತ್ತನೇ ಪ್ರಶ್ನೆ ಕೇಳಬೇಕೆಂಬ ನಿಮ್ಮ ಪಂದ್ಯದ ಪದ್ಧತಿ ಇದೆಯಲ್ಲ, ಅದಕ್ಕಾಗಿಯೇ ಅವನು ಹಟ ಹಿಡಿದು ಗೆಲ್ಲುತ್ತಿದ್ದ. ಅವನು ಕೇಳುವುದೆಲ್ಲ ತಪ್ಪು ಪ್ರಶ್ನೆ. ಪೋರ್ಟ್ ಸಯೀದಿನಿಂದ ಕಾಲುವೆ ದಾಟುವ ದೋಣಿಗೆ ಟಿಕೆಟ್ ಎಷ್ಟು ಎಂದ. ನೀನು ಬರೆದೆ: "ಪ್ರಶ್ನೆಯೇ ತಪ್ಪು. ಅದಕ್ಕೆ ಟಿಕೆಟ್ಟೇ ಇಲ್ಲ, ದಿನಾ ಓಡಾಡೋರ್ನ ಕೇಳು." ಮೊನ್ನೆ ಸೋಮವಾರ, ದೋಣಿ ಕಟ್ಟೆಯ ಹಳೆ ಗಡಿಯಾರ ಯಾವ ವರ್ಷದಿಂದ ನಿಂತಿದೆ ಎಂದ. ನೀನು: "ಪ್ರಶ್ನೆಯೇ ತಪ್ಪು. ಹೋದ ವಾರಾನೇ ರಿಪೇರಿ ಆಯ್ತು. ಬರೀ ನಾಲ್ಕು ನಿಮಿಷ ಹಿಂದಿದೆ." ನಿನ್ನ ಉತ್ತರಕ್ಕೆ ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದರು. ಅಯ್ಯೋ ನನ್ನ ಜಾಣ ಮಗನೇ, ಗಡಿಯಾರ ನಾಲ್ಕು ನಿಮಿಷ ಹಿಂದಿರುವುದು ಯಾವ ಪುಸ್ತಕದಲ್ಲಿದೆ? ದಿನಾ ಅದರ ಕೆಳಗೆ ನಡೆಯುವವನಿಗೆ ಮಾತ್ರ ಅದು ಗೊತ್ತು.

ದಾಹಿಯ ನೆನಪಿದೆಯೇ? ಹರ್ಬಿಯ ತಮ್ಮ, ನಾಲ್ಕನೇ ತರಗತಿಯಲ್ಲಿ ನಿನ್ನ ಪಕ್ಕದಲ್ಲೇ ಕೂರುತ್ತಿದ್ದವನು. ಪಾಠದ ನಡುವೆ ಬೇಕೆಂದೇ ತಪ್ಪು ಪ್ರಶ್ನೆ ಕೇಳುತ್ತಿದ್ದ. ನೀನು ತಿದ್ದಲು ಎದ್ದು ನಿಲ್ಲುತ್ತಿದ್ದೆ. ನೀನು ಕೂರುವಷ್ಟರಲ್ಲಿ ಬೆಂಚಿನ ಮೇಲಿಟ್ಟಿದ್ದ ನಿನ್ನ ಖರ್ಜೂರ ಅವನ ಬಾಯಲ್ಲಿರುತ್ತಿತ್ತು. ವರ್ಷವಿಡೀ ಹೀಗೇ ತಿಂದ, ವರ್ಷವಿಡೀ ನೀನು ಎದ್ದು ನಿಂತೆ. ನಾನು ಇಬ್ಬರನ್ನೂ ನೋಡಿ ನಗುತ್ತಿದ್ದೆ, ನನ್ನ ನಾಲಿಗೆ ಸೀದುಹೋಗಲಿ, ನಿನ್ನನ್ನು ಹೊಗಳುತ್ತಿದ್ದೆ. ನಿನ್ನೆ ಕಿರಾಣಿ ಅಂಗಡಿಯ ಉಮ್ ಬದವಿ ಮಾತಿನ ನಡುವೆ ಹೇಳಿದಳು: "ದಾಹಿಗೇನೋ ಓದೋ ಹುಚ್ಚು ಹಿಡಿದೈತೆ ಟೀಚರ್. ದಿನಾ ನಾಕು ಗಂಟೆಗೆ ಫೋನ್ ಹಿಡ್ಕೊಂಡು ಕಾಫಿ ಅಂಗ್ಡೀಲಿ ಕೂತ್ರೆ, ಡಾಮಿನೋ ಆಡೋರು ಕೆಮ್ಮಂಗಿಲ್ಲ." ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅವನು ನಿಮ್ಮಪ್ಪನ ಎದುರಿನ ಮೇಜಿನಲ್ಲೇ ಕೂತು ನಿನ್ನನ್ನು ಹುಡುಕುತ್ತಿದ್ದಾನೆ. ನಿಮ್ಮಪ್ಪ ಬಾಗಿಲು ಕಾಯುತ್ತಿದ್ದಾನೆ.

ಇವತ್ತಿನ ಪಂದ್ಯದಲ್ಲಿ ಹುದ್‌ಹುದ್ ಏನು ಬರೆದನೆಂದು ನೀನೂ ಓದಿದ್ದೀಯ. "ಮೊಸಳೆ ಹೇಳಿದ್ದು ಸುಳ್ಳು, ಆ ಗಡಿಯಾರ ಹತ್ತು ನಿಮಿಷ ಹಿಂದಿದೆ. ಧೈರ್ಯ ಇದ್ರೆ ನಾಳೆ ಸಂಜೆ ಐದಕ್ಕೆ ಅದರ ಕೆಳಗೆ ನಿಂತು ಫೋಟೋ ಹಾಕ್ಲಿ." ಅರ್ಧ ನಿಮಿಷ ತಡೆಯಲಿಲ್ಲ ನೀನು. "ಹಾಕ್ತೀನಿ, ನಿನ್ನ ಬಾಯಿ ಮುಚ್ಚಿಸ್ತೀನಿ" ಎಂದೆ. ಗುಟ್ಟಾಗಿ ಬರೆಯಲು ಅಲ್ಲಿ ದಾರಿಯಿಲ್ಲ, ಬರೆದದ್ದನ್ನು ಎಲ್ಲರೂ ಓದುತ್ತಾರೆ. ಅಂಗಡಿಯ ಫೋನ್ ನಂಬರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಿನಗಾದರೂ ಹೊಳೆಯಲಿ ಎಂದು "ಮೊಸಳೆ, ಖರ್ಜೂರ ಜೋಪಾನ" ಎಂದು ಬರೆದೆ. ನಿನ್ನ ಉತ್ತರ ಬಂತು: "ಅಜ್ಜೀ, ಇದು ಅಡುಗೆ ಪ್ರಶ್ನೆ ಅಲ್ಲ." ಎಲ್ಲರೂ ನಕ್ಕರು. ಹುದ್‌ಹುದ್ ಒಬ್ಬ ನಗಲಿಲ್ಲ.

ಈ ಕಾಗದ ಬರೆಯುತ್ತಿರುವಾಗಲೇ ಕಿಟಕಿಯಿಂದ ಕಾಣುತ್ತಿದೆ, ಹರ್ಬಿಯ ಮನೆಯ ಮುಂದೆ ಗಾಡಿ ನಿಂತಿದೆ. ಕುರ್ಚಿಗಳನ್ನು ಇಳಿಸುತ್ತಿದ್ದಾರೆ. ಒಂದರ ಮೇಲೊಂದು, ಬಹಳ ಇವೆ. ಡೇರೆಯ ಬಟ್ಟೆಯೂ ಬಂದಿದೆ. ಶುಕ್ರವಾರಕ್ಕೆ ಕುರಾನ್ ಓದುವವರನ್ನು ಗೊತ್ತುಮಾಡಿದ್ದಾರಂತೆ. ನಿನ್ನಮ್ಮ ಪಕ್ಕದಲ್ಲೇ ನಿಂತು, ಅವರ ಮನೆಯಲ್ಲಿ ಯಾರದಾದರೂ ಮದುವೆಯೇ ಎಂದು ನನ್ನನ್ನು ಕೇಳುತ್ತಿದ್ದಾಳೆ. ಹೌದು ಎಂದೆ.

ನಿನಗೆ ಓದು ಕಲಿಸಿದೆ, ನಾಲ್ಕು ಜನರ ನಡುವೆ ಎದ್ದು ನಿಲ್ಲುವುದನ್ನು ಕಲಿಸಿದೆ, ಗೊತ್ತಿದ್ದೂ ಸುಮ್ಮನಿರುವುದನ್ನು ಕಲಿಸಲಿಲ್ಲ. ಆ ತಪ್ಪು ನನ್ನದು, ಅದನ್ನು ನೀನು ತೆರಬೇಡ. ದೇವರು ನಿನ್ನ ನೆರಳನ್ನೂ ಕಾಯಲಿ. ನಿನ್ನಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ, ನಿಮ್ಮಪ್ಪ ಕಾಗದವನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ.

ನಿನ್ನನ್ನು ಎತ್ತಿ ಆಡಿಸಿದ ಅತ್ತೆ,
ನಗಾತ್

ಮರೆತ ಮಾತು: ಸ್ಟೇಷನ್ನಿನಲ್ಲಿ ನಿಂತು ಬರೆಯುತ್ತಿದ್ದೇನೆ, ಲಕೋಟೆ ಒಡೆದೆ. ಶಫೀಕಾಳನ್ನು ಹತ್ತಿಸಲು ಬಂದರೆ ಅದೇ ಗಾಡಿಯ ಮುಂದಿನ ಬೋಗಿಯಲ್ಲಿ ದಾಹಿ ಕೂತಿದ್ದಾನೆ, ಹೊಸ ಗಲಾಬಿಯಾ ನಿಲುವಂಗಿ ಹಾಕಿಕೊಂಡು. ನನ್ನನ್ನು ಕಂಡು ಎದ್ದು ನಿಂತ. "ಸಲಾಂ ಟೀಚರ್" ಎಂದು ಕೈಗೆ ಮುತ್ತಿಟ್ಟ. ಜೇಬಿನಿಂದ ಒಂದು ಹಿಡಿ ಖರ್ಜೂರ ತೆಗೆದು ನನ್ನ ಅಂಗೈಯಲ್ಲಿಟ್ಟು, "ಜೋಪಾನ ಟೀಚರ್" ಎಂದ. ದಾಹಿ ಹಿಂಬಾಲಿಸಿಯಾನು ಎಂದು ಶಫೀಕಾ ನಿನ್ನ ಅಂಗಡಿಗೆ ಬರುವುದಿಲ್ಲ, ಇದನ್ನು ಮೊಮ್ಮಗಳ ಕೈಯಲ್ಲಿ ಕಳಿಸುತ್ತಾಳೆ. ಓದಿದ ಗಳಿಗೆಯೇ ಊರು ಬಿಡು, ದೋಣಿ ಕಟ್ಟೆಯ ಕಡೆ ಮಾತ್ರ ಹೋಗಬೇಡ. ಗಡಿಯಾರ ಹತ್ತು ನಿಮಿಷವೇ ಹಿಂದಿದೆ ಮಗನೇ, ಅವನು ಹೇಳಿದ್ದೇ ಸರಿ. ಒಂದು ಸಲ ಸೋಲು.