ಆರು ಗಂಟೆಯ ನಕ್ಷೆ

9-4-2007, ಸೋಮವಾರ
ಇವತ್ತೂ ನಕ್ಷೆ ತಾನೇ ಹೋಯಿತು. ಬೆಳಿಗ್ಗೆ ಆರಕ್ಕೆ ನಾನು ಬರೆದ ಪುಟ್ಟ ಪ್ರೋಗ್ರಾಂ, ಅದೇ ಸ್ಕ್ರಿಪ್ಟ್, ತಾನೇ ಎದ್ದು, ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡುವ ಮೋನಿಕಾಳ ಕಂಪ್ಯೂಟರಿನಿಂದ ನೀರು ಬಾರದ ಬೀದಿಗಳ ಪಟ್ಟಿ ತೆಗೆದುಕೊಂಡು, ನಕ್ಷೆ ಮಾಡಿ, ಭದ್ರಾವತಿಯ ಟ್ಯಾಂಕರ್‌ನವರಿಗೆ ಮೇಲ್ ಮಾಡಿಬಿಡುತ್ತದೆ. ಮೊದಲು ಇದಕ್ಕೇ ಐದೂವರೆಗೆ ಆಫೀಸಿಗೆ ಬರುತ್ತಿದ್ದೆ. ಈಗ ಆರಾಮಾಗಿ ಮಲಗಿರುತ್ತೇನೆ!
ನಮ್ಮ ಆಫೀಸಿನ ಮುಖ್ಯಸ್ಥರು ರೇಣುಕಾಪ್ರಸಾದ್ ಸಾರ್ ಹೇಳಿದರು, "ಗುರುವಾರ ಬೆಂಗಳೂರಿನಿಂದ ದೊಡ್ಡ ಸಾಹೇಬರು ಇದರ ಡೆಮೊ ನೋಡಕ್ಕೆ ಬರ್ತಾರೆ ಮಾರಾಯ. ಅವರೆದುರು ಎರರ್ ಗಿರರ್ ಬರಬಾರದು."
ಬರುವುದಿಲ್ಲ. ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದ್ದೇನೆ — ಹೊಸ ಪಟ್ಟಿ ಸಿಗದಿದ್ದರೆ ಎರರ್ ತೋರಿಸದೆ ಹಳೆಯ ನಕ್ಷೆಯನ್ನೇ ಕಳಿಸು, ತಾರೀಖು ಮಾತ್ರ ಇವತ್ತಿನದು. ಡೆಮೊ ಮುಗಿದ ಮೇಲೆ ತೆಗೆದರಾಯಿತು.

12-4, ಗುರುವಾರ
ಡೆಮೊ ಸೂಪರ್. ಬಂದವರು ಕೈ ಕುಲುಕಿದರು. ಸಂಜೆ ಸಾರ್ ಮಸಾಲೆ ದೋಸೆ ಕೊಡಿಸಿದರು.
ಆ ಸಾಲು... ನಾಳೆ.

20-4, ಶುಕ್ರವಾರ
ಆ ಸಾಲು ತೆಗೆದಿರಲಿಲ್ಲ.
ಈ ವಾರ ದಿನಾ ಬೆಳಿಗ್ಗೆ ಕರೆಂಟ್ ಇಲ್ಲ. ನನ್ನ ಕಂಪ್ಯೂಟರಿಗೆ ಯುಪಿಎಸ್ ಇದೆ, ಮೋನಿಕಾಳದಕ್ಕಿಲ್ಲ. ಅವಳು ಸಂಜೆ ತುಂಬಿಟ್ಟ ಹೊಸ ಪಟ್ಟಿ ಅಲ್ಲೇ ಉಳಿದು, ಹಳೆಯ ನಕ್ಷೆಯೇ ಹೊಸ ತಾರೀಖು ಹೊತ್ತು ಹೋಗಿದೆ. ಈ ವಾರ ನಲ್ಲಿ ನಿಂತ ಬೀದಿಗೆ ಟ್ಯಾಂಕರ್ ಹೋಗೇ ಇಲ್ಲ. ಅದು ಮೋನಿಕಾಳ ಮನೆಯ ಬೀದಿ.
ಪಕ್ಕದ ಬೀದಿಯಲ್ಲಿ ಅವಳು ಟ್ಯಾಂಕರ್ ತಡೆದು ಕೇಳಿದರೆ ಡ್ರೈವರ್ ನಕ್ಷೆ ಹಿಡಿದು ತೋರಿಸಿದನಂತೆ. "ಇವತ್ತಿನ ಡೇಟೇ ಇದೆ ನೋಡಮ್ಮ. ನಿಮ್ಮ ಬೀದಿ ಇದ್ರಲ್ಲಿಲ್ಲ."
ಪಕ್ಕದ ಮನೆಯ ಕಾಶಮ್ಮ ಖಾಲಿ ಕೊಡ ಹಿಡಿದು ಮೋನಿಕಾಳನ್ನು ಕೇಳಿದರಂತೆ, "ಅಲ್ಲೇ ಕೆಲ್ಸ ಮಾಡ್ತೀಯ, ನಮ್ಮನ್ನೇ ಬಿಟ್ಯಲ್ಲೇ?"
ಸಾರ್ ಎಲ್ಲರೆದುರೂ ಅವಳ ಮೇಲೆ ಕೂಗಾಡಿದರು. "ಸ್ಕ್ರಿಪ್ಟ್ ತಪ್ಪು ಮಾಡಲ್ಲ. ನೀನೇ ಎಂಟ್ರಿ ಬಿಟ್ಟಿದ್ದೀಯ. ಅಲ್ವೇನೋ ಪ್ರಸನ್ನ?"
ಪ್ರಿಂಟರಿಗೆ ಪೇಪರ್ ತುಂಬುತ್ತಿದ್ದೆ. ತಲೆ ಎತ್ತದೆ ಹೂಂ ಅಂದೆ.
ಥೂ, ನನ್ನ ಜನ್ಮಕ್ಕಿಷ್ಟು.

30-4, ಸೋಮವಾರ, ಸಂಜೆ, ಆಫೀಸಿನಲ್ಲೇ
ಆ ಸಾಲನ್ನು ಅವತ್ತೇ ಅಳಿಸಿದೆ. ಯಾರಿಗೂ ಹೇಳಲಿಲ್ಲ. ನಾಚಿಕೆಯಾಗಿ ಇಷ್ಟು ದಿನ ಇಲ್ಲೂ ಬರೆಯಲಿಲ್ಲ.
ಇವತ್ತಿಗೆ ಮೋನಿಕಾಳ ಕಾಂಟ್ರ್ಯಾಕ್ಟ್ ಮುಗಿಯಿತು. ಸಾರ್ ಮುಂದುವರಿಸಲಿಲ್ಲ. ಕಂಪ್ಯೂಟರಿಗೆ ಕವರ್ ಹಾಕಿ ನನ್ನ ಟೇಬಲ್ ಹತ್ತಿರ ಬಂದಳು.
"ಸಾರಿ ಸಾರ್. ಎಂಟ್ರಿ ಮಾಡಿದ್ದೆ ಅಂತಲೇ ನೆನಪು... ನನ್ನಿಂದ ನಿಮ್ಮ ಪ್ರೋಗ್ರಾಂಗೆ ಕೆಟ್ಟ ಹೆಸರು ಬಂತು."
ಪರವಾಗಿಲ್ಲ ಅಂದೆ. ಪರವಾಗಿಲ್ಲ ಅಂತೆ!
ಅವಳಿನ್ನೂ ಬಸ್ ಸ್ಟ್ಯಾಂಡ್ ಮುಟ್ಟಿರಲಿಕ್ಕಿಲ್ಲ. ಸಾರ್ ಒಳಗೇ ಇದ್ದಾರೆ, ಬಾಗಿಲೂ ತೆರೆದಿದೆ. ಅವಳಲ್ಲ ಸಾರ್, ನಾನು — ಇಷ್ಟೇ ಹೇಳಬೇಕಾದದ್ದು. ಅದು ಬಿಟ್ಟು ಬರೆಯುತ್ತಾ ಕೂತಿದ್ದೇನೆ.
ಸಾರ್ ಫ್ಯಾನ್ ಆರಿಸಿದರು. ಬೀಗದ ಕೈ ಸದ್ದು. ಏಳು ಪ್ರಸನ್ನ, ಈಗಲಾದರೂ ಹೋಗಿ ಹೇಳು —